ಬೆಕ್ಕಿನ ಗೋಡೆಹಲಗೆ

ಮನೆಯೊಳಗೇ ಬೆಳೆಯುವ ಬೆಕ್ಕು ಹತ್ತಿ ಇಳಿಯಲು, ಮಲಗಲು, ಎತ್ತರದಲ್ಲಿ ಕೂತು ಸುತ್ತಲಿನದನ್ನು ನೋಡಲು ಗೋಡೆಗೆ ಸಾಲಾಗಿ ಕೂರಿಸುವ ಹಲಗೆಗಳು. ಕೊಳ್ಳುವವರು, ಮಾರುವವರು ಕ್ಯಾಟ್ ಶೆಲ್ಫ್ ಎನ್ನುತ್ತಾರೆ. ಕೂರಿಸಿಕೊಡುವ ಆಚಾರಿಗೆ ಅದು ಬರೀ ಶೆಲ್ಫ್. ಪುಸ್ತಕದ ಶೆಲ್ಫಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಆತ ಕೇಳುವುದುಂಟು. ವ್ಯತ್ಯಾಸ ಇರುವುದು ಭಾರ ಬೀಳುವ ರೀತಿಯಲ್ಲಿ: ಪುಸ್ತಕ ಇಟ್ಟಲ್ಲೇ ಇರುತ್ತದೆ, ಬೆಕ್ಕು ಹಾರಿ ಬಂದು ಬೀಳುತ್ತದೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಮನೆಗಳಲ್ಲಿ ಈ ಕೆಲಸಕ್ಕೆ ಹೊರಟವರು ಹಲಗೆಯ ಚಂದಕ್ಕಿಂತ ಮೊದಲು ಗೋಡೆಯನ್ನು ನೋಡಬೇಕು. ಇಲ್ಲಿನ ಕೆಂಪುಕಲ್ಲು ಮತ್ತು ಇಲ್ಲಿನ ಮಳೆಗಾಲ, ಬೇರೆ ಊರಿನವರಿಗಾಗಿ ಬರೆದ ಸೂಚನೆಗಳನ್ನು ಅರ್ಧಕ್ಕರ್ಧ ಉಪಯೋಗಕ್ಕೆ ಬಾರದಂತೆ ಮಾಡುತ್ತವೆ.

ಹಿನ್ನೆಲೆ

ಹಳೆಯ ಹಂಚಿನ ಮನೆಯ ಬೆಕ್ಕಿಗೆ ಯಾರೂ ಹಲಗೆ ಬಡಿದುಕೊಟ್ಟಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಜಗಲಿಯಿಂದ ಕಿಟಕಿ, ಕಿಟಕಿಯಿಂದ ಅಟ್ಟದ ಏಣಿ, ಅಲ್ಲಿಂದ ತೊಲೆ, ಪಕ್ಕಾಸುಗಳವರೆಗೆ ದಾರಿ ತಾನಾಗಿಯೇ ಇತ್ತು. ಅಟ್ಟದಲ್ಲಿ ಅಕ್ಕಿಮುಡಿ, ತೆಂಗಿನಕಾಯಿ, ಅವುಗಳ ಹಿಂದೆ ಇಲಿ. ಬೆಕ್ಕು ಮೇಲೆ ಇರಬೇಕೆಂಬುದೇ ಮನೆಯವರ ಅಪೇಕ್ಷೆ. ಆಟಿ ತಿಂಗಳ ಜಡಿಮಳೆಯಲ್ಲಿ ಅದು ಬಚ್ಚಲೊಲೆಯ ಬೂದಿಗೆ ಇಳಿಯುತ್ತಿತ್ತು, ಬಿಸಿಲು ಬಂದರೆ ಮತ್ತೆ ಮೇಲೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಮಾಡುಗಳು ಕಡಿಮೆಯಾಗುತ್ತ ಬಂದವು. ಹಂಚು ಹೊರಲು ಗಟ್ಟಿ ಪಕ್ಕಾಸು, ರೀಪು ಬಂದವು. ಬೆಕ್ಕಿನ ಓಡಾಟಕ್ಕೆ ಅದು ಅನುಕೂಲವೇ ಆಯಿತು. ಈ ಒಳರಚನೆಯನ್ನು ಈಗ ನೋಡಬೇಕೆಂದರೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಹೋಗಬಹುದು. ವಿಜಯನಾಥ ಶೆಣೈ ಅವರು ಬೇರೆ ಬೇರೆ ಊರುಗಳಿಂದ ಕಳಚಿ ತಂದು ಮತ್ತೆ ಜೋಡಿಸಿದ ಮನೆಗಳಲ್ಲಿ ಕಾರ್ಕಳ ಬಳಿಯ ಮಿಯಾರಿನದೂ ಒಂದು.

ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಸ್ಥಾಪಿಸಿದ ಮೇಲೆ ಬೋಳುಗುಡ್ಡವಾಗಿದ್ದ ಮಣಿಪಾಲ ಊರಾಯಿತು, ಮುಂದೆ ಫ್ಲ್ಯಾಟುಗಳ ಊರಾಯಿತು. ಉಡುಪಿ ಪೇಟೆಯೂ ಹಿಂದೆಯೇ ಬಂತು. ಆರ್‌ಸಿಸಿ ಸ್ಲ್ಯಾಬು, ನುಣುಪು ಗೋಡೆ, ಜಾರುವ ಟೈಲ್ಸ್ ನೆಲದ ಮನೆಯಲ್ಲಿ ಬೆಕ್ಕಿಗೆ ಏರಲು ಉಳಿದದ್ದು ಸೋಫಾ, ಪರದೆ ಮತ್ತು ಫ್ರಿಜ್ಜಿನ ತಲೆ. ಹೊರಗೆ ಬಿಡೋಣವೆಂದರೆ ಕಾಪು ಮತ್ತು ಉಡುಪಿಯ ನಡುವೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66, ಬೀದಿನಾಯಿ, ನೆರೆಮನೆಯವರ ಮೀನಿನ ಪಾತ್ರೆಯ ತಕರಾರು. ಗುಡ್ಡ, ಕಾಡು ಹತ್ತಿರವಿರುವ ಕಡೆ ಚಿರತೆಯ ಭಯವೂ ಸೇರುತ್ತದೆ. ಹೀಗೆ ಬೆಕ್ಕು ಒಳಗೇ ಉಳಿಯಿತು.

ಬೆಕ್ಕನ್ನು ಹಗಲಿರುಳು ಒಳಗಿಡುವುದು ಬೇರೆ ದೇಶಗಳಲ್ಲೂ ಹಳೆಯ ರೂಢಿಯೇನಲ್ಲ. ಅಮೆರಿಕದ ಎಡ್ವರ್ಡ್ ಲೋ 1947ರಲ್ಲಿ ಜೇಡಿಮಣ್ಣಿನ ಹರಳನ್ನು ಬೆಕ್ಕಿನ ಮಲದ ತಟ್ಟೆಗೆ ಹಾಕಲು ಮಾರತೊಡಗಿದ ಮೇಲೆ ಅದು ಸುಲಭವಾಯಿತು. ಗೋಡೆಗೆ ಹಲಗೆ ಬಡಿಯುವುದು ಅದರ ಮುಂದಿನ ಮಾತು. ಸ್ಯಾನ್ ಡಿಯಾಗೋದ ಬಾಬ್ ವಾಕರ್ ಮತ್ತು ಫ್ರಾನ್ಸಿಸ್ ಮೂನಿ ದಂಪತಿ ತಮ್ಮ ಮನೆಯ ಕೋಣೆಕೋಣೆಗೂ ಸೂರಿನಡಿ ಬೆಕ್ಕಿನ ದಾರಿ ಹಾಕಿಸಿ, 1996ರಲ್ಲಿ ಅದರದ್ದೇ ಚಿತ್ರಪುಸ್ತಕ ತಂದರು. ಜಾಕ್ಸನ್ ಗ್ಯಾಲಕ್ಸಿ ಮತ್ತು ಕೇಟ್ ಬೆಂಜಮಿನ್ 2014ರಲ್ಲಿ ಇದೇ ವಿಷಯದ ಪುಸ್ತಕ ಬರೆದರು. ಕ್ರಮೇಣ ಇದು ಒಂದು ಉದ್ಯಮವೇ ಆಯಿತು. ಈಗ ಕೊರಿಯರ್‌ನಲ್ಲಿ ಮಣಿಪಾಲಕ್ಕೆ ಬರುವ ಹಲಗೆಯ ಪೆಟ್ಟಿಗೆಗಳು ಆ ಉದ್ಯಮದ ಬಾಲ.

ಎತ್ತರದ ಅಗತ್ಯ

ಸಾಕುಬೆಕ್ಕಿನ ಮೂಲ ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಕಾಡುಬೆಕ್ಕು, ಫೆಲಿಸ್ ಲಿಬಿಕ. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕ ಹೂತ ಬೆಕ್ಕಿನ ಅಸ್ಥಿ ಸುಮಾರು 9,500 ವರ್ಷ ಹಳೆಯದು. ಇಷ್ಟು ಕಾಲ ಜೊತೆಗಿದ್ದರೂ ಅದರ ಸ್ವಭಾವ ಹೆಚ್ಚು ಬದಲಾಗಿಲ್ಲ. ಅದು ಬೇಟೆಗಾರನೂ ಹೌದು, ದೊಡ್ಡ ಪ್ರಾಣಿಗೆ ಬೇಟೆಯೂ ಹೌದು. ಎತ್ತರ ಎರಡಕ್ಕೂ ಅನುಕೂಲ. ಅಮೆರಿಕದ ಮತ್ತು ಅಂತರರಾಷ್ಟ್ರೀಯ ಬೆಕ್ಕು ವೈದ್ಯರ ಸಂಘಗಳು 2013ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಬೆಕ್ಕಿನ ಪರಿಸರಕ್ಕೆ ಐದು ಆಧಾರಗಳನ್ನು ಹೇಳಿವೆ. ಮೊದಲನೆಯದೇ ಸುರಕ್ಷಿತ ಜಾಗ. ಎತ್ತರದ ಹಲಗೆ ಅದರಲ್ಲಿ ಒಂದು ಬಗೆ.

ಏರುವುದಕ್ಕೆ ಬೇಕಾದ ಮೈಕಟ್ಟು ಅದಕ್ಕಿದೆ. ಕೊರಳೆಲುಬು ಭುಜದ ಕೀಲಿಗೆ ಅಂಟಿಕೊಳ್ಳದೆ ಮಾಂಸದಲ್ಲಿ ತೇಲಿಕೊಂಡಿರುವುದರಿಂದ ಮುಂಗಾಲು ಸಲೀಸಾಗಿ ಚಾಚುತ್ತದೆ. ಇಳಿಯುವುದು ಮಾತ್ರ ಅದಕ್ಕೆ ಕಷ್ಟ. ಉಗುರು ಹಿಂದಕ್ಕೆ ಬಾಗಿರುವ ಕಾರಣ ತಲೆ ಕೆಳಗಾಗಿ ಇಳಿದರೆ ಹಿಡಿತ ಸಿಗುವುದಿಲ್ಲ. ತೆಂಗಿನಮರ ಹತ್ತಿ ಕೂತು ಕೂಗುವ ಬೆಕ್ಕನ್ನು ಕರಾವಳಿಯಲ್ಲಿ ಕಾಣದವರಿಲ್ಲ. ಆದ್ದರಿಂದ ಹಲಗೆಯ ಸಾಲನ್ನು ಯೋಜಿಸುವಾಗ ಹತ್ತುವ ದಾರಿಯನ್ನಲ್ಲ, ಇಳಿಯುವ ದಾರಿಯನ್ನು ಮೊದಲು ಯೋಚಿಸಬೇಕು.

ಬೆಕ್ಕು ಬಿದ್ದರೂ ಏನಾಗುವುದಿಲ್ಲ ಎಂಬ ನಂಬಿಕೆಗೆ ಆಧಾರವಾಗಿ ನ್ಯೂಯಾರ್ಕಿನ ಒಂದು ಅಧ್ಯಯನವನ್ನು ಎತ್ತಿ ಹೇಳುವುದುಂಟು. 1987ರಲ್ಲಿ ಪ್ರಕಟವಾದ ಅದರಲ್ಲಿ, ಕಟ್ಟಡಗಳಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳ ಪೈಕಿ ಚಿಕಿತ್ಸೆ ಪಡೆದವುಗಳಲ್ಲಿ ಶೇ. 90ರಷ್ಟು ಬದುಕಿದವು. ಆಸ್ಪತ್ರೆಗೆ ಬರುವ ಮೊದಲೇ ಸತ್ತವು ಆ ಲೆಕ್ಕದಲ್ಲಿಲ್ಲ. ಬದುಕಿದವಕ್ಕೂ ಎದೆಗೂಡಿನ ಪೆಟ್ಟು, ಮುಖದ ಪೆಟ್ಟು ಸಾಮಾನ್ಯವಾಗಿತ್ತು. ಗೋಡೆಯಿಂದ ಕಳಚಿದ ಹಲಗೆಯ ಸಂದರ್ಭದಲ್ಲಂತೂ ಬೆಕ್ಕು ತಿರುಗಿ ಕಾಲೂರಿದರೂ ಅದರ ಮೇಲೆ ಹಲಗೆ ಬೀಳುತ್ತದೆ.

ಗೋಡೆ

ಉಡುಪಿ ಜಿಲ್ಲೆಯ ಬಹುಪಾಲು ಮನೆಗಳ ಗೋಡೆ ಕೆಂಪುಕಲ್ಲಿನದು. ಮುರಕಲ್ಲು ಎಂದೂ ಹೆಸರು. ಭೂವಿಜ್ಞಾನ ಇದನ್ನು ಲ್ಯಾಟರೈಟ್ ಎನ್ನುತ್ತದೆ. ಆ ಹೆಸರು ಕೊಟ್ಟ ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು, ಮಲಬಾರು, ಕೆನರಾಗಳನ್ನು ಸುತ್ತಿ, 1807ರಲ್ಲಿ ಪುಸ್ತಕ ಪ್ರಕಟಿಸಿದ. ಮಲಬಾರಿನ ಅಂಗಡಿಪುರದಲ್ಲಿ ಅವನು ಗಮನಿಸಿದ ಗುಣವೇ ಇಲ್ಲಿಯದೂ: ಕೋರೆಯಲ್ಲಿ ಕೊಡಲಿಯಲ್ಲಿ ಕಡಿಯುವಷ್ಟು ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಗಟ್ಟಿ ಎಂದರೂ ಕಾಂಕ್ರೀಟಿನ ಹತ್ತಿರ ಬರುವುದಿಲ್ಲ. ಕಟ್ಟಡದ ಲ್ಯಾಟರೈಟಿಗೆ ಭಾರತೀಯ ಮಾನಕ 3620 ಕೇಳುವ ಕನಿಷ್ಠ ಒತ್ತುಬಲ ಚದರ ಮಿಲಿಮೀಟರಿಗೆ 3.5 ನ್ಯೂಟನ್. ಮನೆಯ ಸ್ಲ್ಯಾಬಿಗೆ ಹಾಕುವ ಎಂ20 ಕಾಂಕ್ರೀಟಿನದು 20. ಮೇಲಾಗಿ ಕೆಂಪುಕಲ್ಲಿನ ಒಳಗೆಲ್ಲ ಹುಳು ಕೊರೆದಂಥ ಬಿಲ, ಬಿಲದಲ್ಲಿ ಮೆತ್ತನೆಯ ಹಳದಿ ಮಣ್ಣು. ಎರಡು ಇಂಚು ಅಂತರದ ಎರಡು ತೂತುಗಳಲ್ಲಿ ಒಂದು ಕಲ್ಲಿಗೂ ಇನ್ನೊಂದು ಮಣ್ಣಿಗೂ ಬೀಳುವುದು ಮಾಮೂಲು.

ಸಾರಣೆ ಮುಗಿದು ಬಣ್ಣ ಬಳಿದ ಗೋಡೆಯಲ್ಲಿ ಹಿಂದೆ ಏನಿದೆ ಎಂದು ತಿಳಿಯುವುದು ಹೇಗೆ? ಡ್ರಿಲ್ಲಿಂಗ್ ಮೆಷಿನ್ ಉದುರಿಸುವ ಪುಡಿಯನ್ನು ನೋಡಬೇಕು. ಮೊದಲ 12ರಿಂದ 20 ಮಿಲಿಮೀಟರ್ ಬೂದು ಬಿಳುಪು ಪುಡಿ, ಅದು ಸಾರಣೆ. ಆಮೇಲೆ ಇಟ್ಟಿಗೆಗೆಂಪು ಪುಡಿ ಸುರಿದರೆ ಕೆಂಪುಕಲ್ಲು. ನಡುವೆ ಡ್ರಿಲ್ ಬಿಟ್ ತಟಕ್ಕನೆ ಒಳಗೆ ಜಾರಿದರೆ ಬಿಲ ಸಿಕ್ಕಿದೆ ಎಂದರ್ಥ; ಆ ತೂತನ್ನು ಬಿಡುವುದೇ ಒಳ್ಳೆಯದು. ಬೂದುಬಣ್ಣವೇ ಮುಂದುವರಿದು, ಮೆಷಿನ್ ಕಿರುಚಿ, ಬಿಟ್ ಬಿಸಿಯಾದರೆ ಕಾಂಕ್ರೀಟಿನ ಕಂಬ ಅಥವಾ ತೊಲೆ. ಬೂದು ಪುಡಿ ಸ್ವಲ್ಪ ಬಂದು ಮತ್ತೆ ಟೊಳ್ಳಾದರೆ ಹಾಲೊ ಬ್ಲಾಕ್. ಮಣಿಪಾಲದ ಹೊಸ ಕಟ್ಟಡಗಳ ಒಳಗೋಡೆಗಳಲ್ಲಿ ಇದು ಹೆಚ್ಚು. ಹಿಟ್ಟಿನಂಥ ಬಿಳಿ ಪುಡಿ ಯಾವ ತಡೆಯೂ ಇಲ್ಲದೆ ಬಂದರೆ ಹಗುರ ಎಎಸಿ ಬ್ಲಾಕ್. ಕಾರ್ಕಳ ಕಡೆಯ ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ಮಣ್ಣಿನ ಗೋಡೆಗೆ ಮೆಷಿನ್ ಮುಟ್ಟಿಸಲೇಬಾರದು. ಅಂಥ ಮನೆಯಲ್ಲಿ ಮರದ ಕಂಬಕ್ಕೆ ಹಗ್ಗ ಸುತ್ತಿ, ಅಡ್ಡ ಹಲಗೆಯನ್ನು ತೊಲೆಗೆ ಕಟ್ಟಿದರಾಯಿತು.

ಪೆಟ್ಟಿಗೆಯಲ್ಲಿ ಬರುವ ಗಿಡ್ಡ ಪ್ಲಾಸ್ಟಿಕ್ ಪ್ಲಗ್ ಕಾಂಕ್ರೀಟಿಗೆ ಸರಿ, ಕೆಂಪುಕಲ್ಲಿಗೆ ಸಾಲದು. ಅದರ ಅರ್ಧ ಸಾರಣೆಯಲ್ಲೇ ಮುಗಿದುಹೋಗುತ್ತದೆ. 80ರಿಂದ 100 ಮಿಲಿಮೀಟರ್ ಉದ್ದದ ನೈಲಾನ್ ಪ್ಲಗ್ ಬೇಕು. ತೂತು ಕೊರೆಯುವಾಗ ಮೆಷಿನ್ನಿನ ಹ್ಯಾಮರ್ ಗುಂಡಿ ಬಂದಾಗಿರಬೇಕು. ಗುದ್ದಿದರೆ ಕಲ್ಲು ಒಳಗೇ ಒಡೆದು ತೂತು ಅಗಲವಾಗುತ್ತದೆ. ಪುಡಿಯನ್ನು ಊದಿ ತೆಗೆಯದೆ ಪ್ಲಗ್ ಹೊಡೆದರೆ ಅದು ಪುಡಿಯನ್ನು ಹಿಡಿದುಕೊಳ್ಳುತ್ತದೆ, ಕಲ್ಲನ್ನಲ್ಲ. ಹೆಚ್ಚು ಭಾರದ ಹಲಗೆಗೆ ಜಾಲರಿಯ ಕೊಳವೆ ತೂರಿಸಿ, ಅದರೊಳಗೆ ಎರಡು ಭಾಗದ ರಾಳ ತುಂಬಿ, ಬೋಲ್ಟ್ ಕೂರಿಸುವ ಕೆಮಿಕಲ್ ಆಂಕರ್ ಮೇಲು. ಬಿಲಗಳ ಒಳಕ್ಕೂ ರಾಳ ಹರಿದು ಗಟ್ಟಿಯಾಗುವುದರಿಂದ ಈ ಕಲ್ಲಿನ ದೋಷವೇ ಅಲ್ಲಿ ಗುಣವಾಗುತ್ತದೆ. ಹಿಂದೆ ವೈರಿಂಗ್ ಮಾಡುವವರು ಮರದ ಗೂಟ ಹೊಡೆದು ಸಿಮೆಂಟ್ ಮೆತ್ತುತ್ತಿದ್ದರು. ಸ್ವಿಚ್ ಬೋರ್ಡಿಗೆ ಅದು ನಡೆಯಿತು. ಮಳೆಗೆ ಉಬ್ಬಿ ಬೇಸಗೆಗೆ ಒಣಗುವ ಗೂಟ ಬೆಕ್ಕಿನ ಹಾರಾಟ ತಾಳುವುದಿಲ್ಲ.

ಇನ್ನೊಂದು ಉಪಾಯ ಅಗ್ಗವೂ ಹೌದು, ಹೆಚ್ಚು ನಂಬಲರ್ಹವೂ ಹೌದು: ಮೂರಿಂಚು ಅಗಲದ, ನಾಲ್ಕೈದು ಅಡಿ ಉದ್ದದ ಮರದ ಪಟ್ಟಿಯನ್ನು ಗೋಡೆಗೆ ಐದಾರು ಕಡೆ ಬಿಗಿದು, ಬ್ರ್ಯಾಕೆಟ್‌ಗಳನ್ನು ಆ ಪಟ್ಟಿಗೆ ಕೂರಿಸುವುದು. ಒಂದು ತೂತು ಕೈಕೊಟ್ಟರೂ ಉಳಿದವು ಹೊರುತ್ತವೆ. ನೋಡಲು ಅಷ್ಟು ನಾಜೂಕಾಗಿರುವುದಿಲ್ಲ ಎಂಬುದು ಇದರ ಮೇಲಿನ ಒಂದೇ ದೂರು.

ಕೆಂಪುಕಲ್ಲಿನ ತಾರಸಿ ಮನೆಗಳಲ್ಲಿ ಬಾಗಿಲು ಕಿಟಕಿಗಳ ತಲೆಯ ಮೇಲೆ, ನೆಲದಿಂದ ಏಳಡಿಯ ಸುಮಾರಿಗೆ, ಕಾಂಕ್ರೀಟಿನ ಲಿಂಟಲ್ ಹಾಯುತ್ತದೆ. ಹಲವು ಮನೆಗಳಲ್ಲಿ ಅದು ಸುತ್ತಲೂ ಒಂದೇ ಪಟ್ಟಿ. ಸಾಲಿನ ಅತಿ ಮೇಲಿನ ಹಲಗೆ, ಅಂದರೆ ಬೆಕ್ಕು ಹೆಚ್ಚು ಹೊತ್ತು ಕಳೆಯುವ ಹಲಗೆ, ಈ ಪಟ್ಟಿಗೆ ಸಿಗುವಂತೆ ಅಳತೆ ಮಾಡಿದರೆ ಅರ್ಧ ಚಿಂತೆ ಕಳೆಯುತ್ತದೆ. ಕೊರೆಯುವಾಗ ಬಿಟ್ ಕಬ್ಬಿಣದ ಸರಳಿಗೆ ತಾಗಿದರೆ ಹಟ ಮಾಡದೆ ಎರಡು ಮೂರು ಸೆಂಟಿಮೀಟರ್ ಪಕ್ಕಕ್ಕೆ ಸರಿಯಬೇಕು. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಕೊರೆಯುವುದು ಯಾವ ಗೋಡೆಯಲ್ಲೂ ಸಲ್ಲದು. ವೈರಿನ ಪೈಪು ಅಲ್ಲೇ ಹೋಗಿರುತ್ತದೆ.

ಭಾರದ ಲೆಕ್ಕ

ಊರಿನ ಬೆಕ್ಕು ಮೂರೂವರೆಯಿಂದ ಐದು ಕಿಲೋ ತೂಗುತ್ತದೆ. ಮೇಲಿನಿಂದ ಹಾರಿದಾಗ ಹಲಗೆಯ ಮೇಲೆ ಬೀಳುವ ಒತ್ತು ತೂಕದ ಹಲವು ಪಟ್ಟು. ಐದು ಕಿಲೋದ ಎರಡು ಬೆಕ್ಕು ಒಂದನ್ನೊಂದು ಅಟ್ಟಿಸಿಕೊಂಡು ಬಂದು ಒಟ್ಟಿಗೆ ಬಿದ್ದವು ಎಂದುಕೊಂಡು, ಐದು ಪಟ್ಟು ಹಿಡಿದರೆ 50 ಕಿಲೋ. ಈ ಭಾರ ಗೋಡೆಯಿಂದ 20 ಸೆಂಟಿಮೀಟರ್ ದೂರದಲ್ಲಿ ಬಿತ್ತು, ಬ್ರ್ಯಾಕೆಟ್ ಗೋಡೆಯ ಮೇಲೆ 15 ಸೆಂಟಿಮೀಟರ್ ಇಳಿದಿದೆ ಎನ್ನೋಣ. ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಹೊರಕ್ಕೆ ಕೀಳುವ ಎಳೆತ ಸುಮಾರು 67 ಕಿಲೋ. ಎರಡು ಬ್ರ್ಯಾಕೆಟ್‌ಗೆ ಹಂಚಿದರೆ ಒಂದೊಂದಕ್ಕೆ 33. ಗೋಡೆಯ ಕಡೆಯ ಕಾಲು 20 ಸೆಂಟಿಮೀಟರ್ ಇದ್ದರೆ ಅದೇ ಎಳೆತ 25ಕ್ಕೆ ಇಳಿಯುತ್ತದೆ. ಆದ್ದರಿಂದ ಎಲ್ ಆಕಾರದ ಆಂಗಲ್‌ನ ಉದ್ದನೆಯ ಕಾಲು ಗೋಡೆಗಿರಬೇಕು, ಹಲಗೆಗಲ್ಲ. ಚಂದಕ್ಕಾಗಿ ಇದನ್ನು ತಿರುಗಿಸಿ ಹಾಕುವವರು ಬಹಳ. ಒಳಗೇ ಅಡಗಿರುವ ಸರಳಿನ ಮೇಲೆ ಹಲಗೆ ತೂರಿಸುವ ‘ಫ್ಲೋಟಿಂಗ್’ ಮಾದರಿಗೆ ಕೆಳಗೆ ಊರುವ ಕಾಲೇ ಇಲ್ಲದ ಕಾರಣ ಕೆಂಪುಕಲ್ಲಿನ ಗೋಡೆಗೆ ಅದನ್ನು ಶಿಫಾರಸು ಮಾಡುವಂತಿಲ್ಲ.

ಕೂರಿಸಿದ ಮೇಲೆ ಬೆಕ್ಕನ್ನು ಹತ್ತಿಸುವ ಮೊದಲು 25 ಕಿಲೋದ ಒಂದು ಅಕ್ಕಿಚೀಲವನ್ನು ಹಲಗೆಯ ಹೊರ ಅಂಚಿಗೆ ಒಂದು ರಾತ್ರಿ ಇಟ್ಟು ನೋಡುವುದು ಸರಳ ಪರೀಕ್ಷೆ. ಬೆಳಿಗ್ಗೆ ರಸಮಟ್ಟದ ಗುಳ್ಳೆ ಸರಿದಿರಬಾರದು.

ಮರ, ಕಬ್ಬಿಣ, ಹಗ್ಗ

ಉಡುಪಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಘಟ್ಟದ ಬುಡದ ಕಾರ್ಕಳದಲ್ಲಿ ಇನ್ನೂ ಹೆಚ್ಚು. ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಹಲಗೆಗಳು ಜೂನ್‌ನಲ್ಲಿ ಅಂಚಿನಿಂದ ಉಬ್ಬತೊಡಗಿ, ಗಣೇಶ ಚೌತಿಯ ಹೊತ್ತಿಗೆ ಸ್ಕ್ರೂ ಹಿಡಿಯುವ ಶಕ್ತಿ ಕಳೆದುಕೊಂಡಿರುತ್ತವೆ. ಪ್ಲೈವುಡ್ ಆದರೆ ಐಎಸ್ 710 ಗುರುತಿನ ಮೆರೈನ್, 18 ಮಿಲಿಮೀಟರ್ ದಪ್ಪದ್ದು. ಕತ್ತರಿಸಿದ ಅಂಚಿಗೆ ಬಣ್ಣ ಇಲ್ಲವೇ ವಾರ್ನಿಶ್ ಬೀಳದಿದ್ದರೆ ಅದಕ್ಕೂ ನೀರು ಹಿಡಿಯುತ್ತದೆ.

ಗಟ್ಟಿ ಮರದ ಹಲಗೆ ಇಲ್ಲಿ ಕಷ್ಟವಲ್ಲ. ಮರದ ಮಿಲ್ಲಿನ ಮೂಲೆಯಲ್ಲಿ ಬಾಗಿಲು ಕಿಟಕಿ ಮಾಡಿ ಉಳಿದ ತುಂಡುಗಳ ರಾಶಿ ಇರುತ್ತದೆ. ಬೆಕ್ಕಿಗೆ ಬೇಕಾದದ್ದು ಒಂದೂವರೆ ಎರಡಡಿಯ ತುಂಡುಗಳೇ. ಹಲಸು ಮತ್ತು ಹೆಬ್ಬಲಸು ಎರಡೂ ಒಳ್ಳೆಯವು. ಬೋಗಿ ಬಹಳ ಗಟ್ಟಿ, ಬಹಳ ಭಾರ. ಗೋಡೆಗೆ ಅದರ ಸ್ವಂತ ತೂಕವೇ ಹೊರೆ. ಅಕೇಶಿಯಾ ಅಗ್ಗ, ಸರಿಯಾಗಿ ಒಣಗಿಸದಿದ್ದರೆ ತಿರುಚಿಕೊಳ್ಳುತ್ತದೆ. ಕಾರ್ಕಳ ಕಡೆ ತೋಟಗಳಲ್ಲಿ ಸಿಗುವ ರಬ್ಬರ್ ಮರಕ್ಕೆ ಸಂಸ್ಕಾರ ಮಾಡದಿದ್ದರೆ ಹುಳು, ಬೂಸರು ಬೇಗ ಹಿಡಿಯುತ್ತವೆ. ಮಾವಿನ ಮರದ ಪಾಡೂ ಹೆಚ್ಚುಕಡಿಮೆ ಅದೇ.

ಇಲ್ಲಿ ಒಂದು ಎಚ್ಚರಿಕೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಗೆದ್ದಲು (ಒರಲೆ) ಬಾರದಂತೆ ಪಕ್ಕಾಸಿಗೆ, ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ಕರಾವಳಿಯ ಹಳೆಯ ಪದ್ಧತಿ. ಗೇರುಬೀಜದ ಕಾರ್ಖಾನೆಗಳಿರುವ ಜಿಲ್ಲೆಯಲ್ಲಿ ಅದು ಸುಲಭವಾಗಿ ಸಿಗುತ್ತದೆ ಕೂಡ. ಅದರಲ್ಲಿರುವ ಅನಕಾರ್ಡಿಕ್ ಆಮ್ಲ ಮತ್ತು ಕಾರ್ಡಾಲ್ ಚರ್ಮವನ್ನು ಸುಡುತ್ತವೆ. ಹಸಿ ಗೇರುಬೀಜ ಸುಲಿದು ಕೈ ಬೊಬ್ಬೆ ಎದ್ದವರಿಗೆ ಇದು ಗೊತ್ತು. ಪಕ್ಕಾಸನ್ನು ಯಾರೂ ನೆಕ್ಕುವುದಿಲ್ಲ. ಬೆಕ್ಕಾದರೋ ಹಲಗೆಯ ಮೇಲೆ ಮಲಗಿ ಎದ್ದು ಅಂಗಾಲನ್ನೂ ಮೈಯನ್ನೂ ನೆಕ್ಕಿ ಶುಚಿ ಮಾಡಿಕೊಳ್ಳುತ್ತದೆ. ಗೆದ್ದಲಿಗೆ ಸಿಂಪಡಿಸುವ ಪರ್ಮೆತ್ರಿನ್ ಜಾತಿಯ ಔಷಧ ಇನ್ನೂ ಅಪಾಯ. ಅದನ್ನು ಒಡೆದು ಹೊರಹಾಕುವ ಕೆಲಸವನ್ನು ಮನುಷ್ಯನ ಮತ್ತು ನಾಯಿಯ ಯಕೃತ್ತು ಮಾಡುವಂತೆ ಬೆಕ್ಕಿನದು ಮಾಡಲಾರದು. ಫೀನಾಲ್ ಬೆರೆಸಿದ ನೆಲ ಒರೆಸುವ ದ್ರಾವಣಕ್ಕೂ, ಕಪಾಟಿನ ನುಸಿಗುಳಿಗೆಗೂ ಇದೇ ಮಾತು. ಹಲಗೆಗೆ ನೀರಿನಲ್ಲಿ ಕಲಸುವ ವಾರ್ನಿಶ್ ಎರಡು ಕೈ ಬಳಿದು, ವಾಸನೆ ಪೂರ್ತಿ ಹೋಗುವವರೆಗೆ ಬೇರೆ ಕೋಣೆಯಲ್ಲಿಟ್ಟು, ಆಮೇಲೆ ಗೋಡೆಗೆ ತಂದರೆ ಸಾಕು.

ಕಬ್ಬಿಣದ ವಿಷಯದಲ್ಲಿ ಊರಿಂದೂರಿಗೆ ವ್ಯತ್ಯಾಸವಿದೆ. ಕಾರ್ಕಳದಲ್ಲಿ ಪೌಡರ್ ಕೋಟ್ ಮಾಡಿದ ಸಾಧಾರಣ ಆಂಗಲ್ ಹಲವು ವರ್ಷ ಬರುತ್ತದೆ. 1901ರ ದೀಪಸ್ತಂಭದ ಆಸುಪಾಸಿನ ಕಾಪು ಕಡಲತಡಿಯಲ್ಲೋ ಮಲ್ಪೆಯಲ್ಲೋ ಅದೇ ಆಂಗಲ್ ಬಣ್ಣ ಕೆರೆದ ಜಾಗದಿಂದ ಬೇಗನೆ ತುಕ್ಕು ಬಿಡುತ್ತದೆ. ಅಲ್ಲಿ ಸ್ಟೇನ್‌ಲೆಸ್ ಸ್ಟೀಲೇ ಗತಿ; ಅದರಲ್ಲೂ 304ಕ್ಕಿಂತ ಮಾಲಿಬ್ಡಿನಮ್ ಬೆರೆತ 316 ಉಪ್ಪುಗಾಳಿಯನ್ನು ಚೆನ್ನಾಗಿ ತಾಳುತ್ತದೆ. ದೋಣಿ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ ಸ್ಕ್ರೂ ಇಂಥ ಕೆಲಸಕ್ಕೆ ಮನೆಸಾಮಾನಿನ ಅಂಗಡಿಯದ್ದಕ್ಕಿಂತ ವಾಸಿ.

ಹಲಗೆಯ ಮೇಲ್ಮೈ ಜಾರಬಾರದು. ಪೆಟ್ಟಿಗೆಯ ಹಲಗೆಗಳಿಗೆ ಅಂಟಿಸಿ ಬರುವ ಕಾರ್ಪೆಟ್ ಮಳೆಗಾಲದಲ್ಲಿ ತೇವ ಹೀರಿ ನಾರುತ್ತದೆ, ತೆಗೆದು ಒಗೆಯಲೂ ಆಗುವುದಿಲ್ಲ. ಗೋಣಿತಾಟನ್ನು ಅಳತೆಗೆ ಕತ್ತರಿಸಿ, ಕೆಳಗಿನಿಂದ ಲಾಡಿ ಕಟ್ಟಿದರೆ ಬೇಕೆಂದಾಗ ಬಿಚ್ಚಿ ಒಗೆಯಬಹುದು. ಉಗುರು ಕೆರೆಯುವ ಕಂಬಕ್ಕೆ ಹೊರದೇಶದ ಸೈಸಲ್ ಹಗ್ಗವೇ ಆಗಬೇಕೆಂದಿಲ್ಲ. ತೆಂಗಿನ ನಾರಿನ ಕತ್ತದ ಹಗ್ಗವನ್ನು ಒತ್ತೊತ್ತಾಗಿ ಸುತ್ತಿದರೆ ಬೆಕ್ಕಿಗೆ ಅಷ್ಟೇ ಇಷ್ಟ. ಸವೆದರೆ ಸಂತೆಯಲ್ಲಿ ಇನ್ನೊಂದು ಸಿಂಬೆ ಸಿಗುತ್ತದೆ.

ಸಾಲು, ಅಂತರ, ಫ್ಯಾನು

ಮೆಟ್ಟಿಲಾಗುವ ಹಲಗೆ 20ರಿಂದ 25 ಸೆಂಟಿಮೀಟರ್ ಅಗಲ, 30 ಉದ್ದ ಇದ್ದರೆ ಸಾಕು. ಮಲಗುವ ಹಲಗೆಗೆ 28–30 ಅಗಲ, 50–60 ಉದ್ದ ಬೇಕು. ಒಂದರಿಂದ ಇನ್ನೊಂದಕ್ಕೆ ಎತ್ತರದಲ್ಲಿ 30–40 ಸೆಂಟಿಮೀಟರ್ ಅಂತರ. ಒಂದರ ನೇರ ಮೇಲೆ ಇನ್ನೊಂದು ಬಾರದಂತೆ ಓರೆಯಾಗಿ ಜೋಡಿಸಬೇಕು. ಎಳೆಯ ಬೆಕ್ಕು ಐದಡಿ ಒಂದೇ ನೆಗೆತಕ್ಕೆ ಏರುತ್ತದೆಂದು ಅಂತರ ಹೆಚ್ಚಿಸುವುದು ತಪ್ಪು. ಇಳಿಯುವಾಗಿನ ಪೆಟ್ಟು ಮುಂಗಾಲಿನ ಕೀಲುಗಳಿಗೆ ಬೀಳುತ್ತದೆ. ಒಂದಕ್ಕಿಂತ ಹೆಚ್ಚು ಬೆಕ್ಕಿದ್ದರೆ ಮೇಲಿನ ಹಲಗೆಗೆ ಎರಡು ದಾರಿ ಇರಬೇಕು. ಇಲ್ಲವಾದರೆ ಜೋರಿನ ಬೆಕ್ಕು ದಾರಿಯಲ್ಲಿ ಕೂತು ಸಾಧುವಿಗೆ ಇಳಿಯಲು ಬಿಡುವುದಿಲ್ಲ.

ಹೊರದೇಶದ ಚಿತ್ರಗಳಲ್ಲಿ ಕಾಣದ, ನಮ್ಮಲ್ಲಿ ತಪ್ಪದ ಒಂದು ವಸ್ತು ಸೀಲಿಂಗ್ ಫ್ಯಾನು. ಕರಾವಳಿಯ ಸೆಕೆಗೆ ಅದು ಹಗಲಿರುಳು ತಿರುಗುತ್ತದೆ, ಮೇಲಿನ ಹಲಗೆಯೂ ಅದರ ರೆಕ್ಕೆಯೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬರುತ್ತವೆ. ಹತ್ತು ಹನ್ನೆರಡಡಿಯ ಕೋಣೆಯನ್ನು ತೆಗೆದುಕೊಳ್ಳಿ. ನಡುವಿನಿಂದ ಉದ್ದನೆಯ ಗೋಡೆಗೆ ಒಂದೂವರೆ ಮೀಟರ್. 1,200 ಮಿಲಿಮೀಟರಿನ ಫ್ಯಾನಿನ ರೆಕ್ಕೆ ಅದರಲ್ಲಿ 60 ಸೆಂಟಿಮೀಟರ್ ತಿನ್ನುತ್ತದೆ, ಹಲಗೆಯ ಅಗಲ 30. ಉಳಿದದ್ದು 60 ಸೆಂಟಿಮೀಟರ್, ಬೆಕ್ಕಿಗೆ ಅದು ಒಂದು ಸಣ್ಣ ಜಿಗಿತ. ಅದೇ ಕೋಣೆಯ ಮೂಲೆಯಿಂದ ರೆಕ್ಕೆಯ ತುದಿಗೆ ಸುಮಾರು 1.8 ಮೀಟರ್. ಆದ್ದರಿಂದ ಎತ್ತರದ ಹಲಗೆ ಮೂಲೆಗೆ. ಗೋಡೆಯ ನಡುವೆ ಇರುವವು ಎದೆಮಟ್ಟ ದಾಟಬಾರದು. ಗ್ಯಾಸ್ ಒಲೆಯ ಮೇಲೂ, ದೀಪ ಉರಿಯುವ ದೇವರ ಕೋಣೆಯ ಮೇಲೂ ದಾರಿ ಹೋಗದಂತೆ ನೋಡಿಕೊಳ್ಳಬೇಕು. ಕಿಟಕಿಯ ಪಕ್ಕ ಹಲಗೆ ಹಾಕುವುದು ಬೆಕ್ಕಿಗೆ ಪ್ರಿಯವಾದದ್ದೇ. ಸೊಳ್ಳೆಪರದೆಯ ನೈಲಾನ್ ಬಲೆಯನ್ನು ಅದು ಉಗುರಿನಿಂದ ಹರಿದೀತು. ಮೇಲಿನ ಮಹಡಿಗಳಲ್ಲಿ ಸ್ಟೀಲಿನ ಜಾಲರಿಯೇ ಬೇಕು.

ಹೊಸದಾಗಿ ಕೂರಿಸಿದ ಹಲಗೆಗೆ ಬೆಕ್ಕನ್ನು ಎತ್ತಿ ಇಡಬಾರದು. ತಾನಾಗಿ ಹತ್ತದ ಜಾಗವನ್ನು ಅದು ನಂಬುವುದಿಲ್ಲ. ಬೇಯಿಸಿದ ಬಂಗುಡೆಯ ಚೂರನ್ನು, ಉಪ್ಪು ಹಾಕದ್ದನ್ನು, ಒಂದೊಂದು ಮೆಟ್ಟಿಲಿಗೆ ಇಟ್ಟರೆ ಮೀನುಪೇಟೆಯ ವಾಸನೆಯಲ್ಲಿ ಬೆಳೆದ ಜಾತಿಗೆ ಬೇರೆ ಪಾಠ ಬೇಡ. ಉಪ್ಪುಮೀನು ಕೊಡುವುದು ಒಳ್ಳೆಯದಲ್ಲ.

ಬೆಕ್ಕಿಗೆ ವಯಸ್ಸಾದಂತೆ ಸಾಲನ್ನು ಬದಲಿಸಬೇಕಾಗುತ್ತದೆ. ಅಮೆರಿಕದಲ್ಲಿ 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 90ರಲ್ಲಿ ಕೀಲುಸವೆತ ಕಂಡಿತು. ಹತ್ತುವುದನ್ನು ಬಿಟ್ಟ ಮುದಿಬೆಕ್ಕಿಗೆ ಸೋಮಾರಿತನವೆಂದು ಹೇಳುವ ಮೊದಲು ಪಶುವೈದ್ಯರಿಗೆ ತೋರಿಸಬೇಕು. ಅಂತರವನ್ನು 20 ಸೆಂಟಿಮೀಟರಿಗೆ ಇಳಿಸಿ, ನಡುವೆ ಗೋಣಿತಾಟು ಬಡಿದ ಇಳಿಜಾರು ಹಲಗೆ ಸೇರಿಸಿದರೆ ಅದು ಮತ್ತೆ ತನ್ನ ಜಾಗಕ್ಕೆ ಹೋದೀತು.

ಮಳೆಗಾಲದ ಪಾಲನೆ

ಪಡುವಣ ಗಾಳಿಮಳೆ ನೇರ ಹೊಡೆಯುವ ಹೊರಗೋಡೆಯ ಒಳಮೈ ಜುಲೈ, ಆಗಸ್ಟ್‌ನಲ್ಲಿ ಬೆವರುತ್ತದೆ. ಅಂಥ ಗೋಡೆಗೆ ಹಲಗೆ ಹಾಕದಿರುವುದೇ ಸೂಕ್ತ. ಎರಡು ಕೋಣೆಗಳ ನಡುವಿನ ಗೋಡೆ ಒಣಗಿರುತ್ತದೆ. ಹಲಗೆಯ ಹಿಂಬದಿಗೂ ಗೋಡೆಗೂ ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟರೆ ಗಾಳಿಯಾಡಿ ಬೂಸರು ಕಡಿಮೆಯಾಗುತ್ತದೆ. ತೇವದ ಬಟ್ಟೆಯ ಮೇಲೆ ಮಲಗುವ ಬೆಕ್ಕಿಗೆ ಚರ್ಮದ ಶಿಲೀಂಧ್ರ ತಗಲುವ ಸಂಭವ ಹೆಚ್ಚು, ಅದು ಮನೆಮಂದಿಗೂ ಗಜಕರ್ಣವಾಗಿ ಹರಡುತ್ತದೆ. ಗೋಣಿತಾಟನ್ನು ಬಿಸಿಲು ಕಂಡ ದಿನವೆಲ್ಲ ಹೊರಗೆ ಹರಡಬೇಕು.

ಮೇ ಕೊನೆಗೊಮ್ಮೆ, ದೀಪಾವಳಿಯ ಹೊತ್ತಿಗೊಮ್ಮೆ ಸ್ಕ್ರೂಗಳನ್ನು ತಿರುಗಿಸಿ ನೋಡುವುದು ವಾಡಿಕೆಯಾಗಲಿ. ಅದಕ್ಕಿಂತ ಮೊದಲೇ ಸುಳಿವು ಕೊಡುವುದು ಹಲಗೆಯ ನೇರ ಕೆಳಗಿನ ನೆಲ. ಗುಡಿಸಿದ ಮರುದಿನವೂ ಅಲ್ಲಿ ಚಿಟಿಕೆ ಕೆಂಪು ಪುಡಿ ಬಿದ್ದಿದ್ದರೆ ಪ್ಲಗ್ ಗೋಡೆಯೊಳಗೆ ಅಲುಗಾಡುತ್ತಿದೆ. ಆ ದಿನವೇ ಹಲಗೆ ಇಳಿಸಬೇಕು. ಸ್ಕ್ರೂವನ್ನು ಇನ್ನಷ್ಟು ಬಿಗಿದರೆ ಪ್ರಯೋಜನವಿಲ್ಲ, ಬೇರೆ ಜಾಗದಲ್ಲಿ ಹೊಸ ತೂತು ಬೇಕು.

ಬಾಡಿಗೆ ಮನೆ

ಮಣಿಪಾಲದಲ್ಲಿ ಬೆಕ್ಕು ಸಾಕುವವರಲ್ಲಿ ವಿದ್ಯಾರ್ಥಿಗಳೂ ಹೊರಗಿನಿಂದ ಬಂದ ನೌಕರರೂ ಇದ್ದಾರೆ. ಮನೆಯೊಡೆಯರು ಮೊಳೆ ಹೊಡೆಯಲೂ ಬಿಡದ ಕಡೆ ಇರುವುದನ್ನೇ ಬಳಸಿಕೊಳ್ಳುವುದು ಜಾಣತನ. ನಮ್ಮ ಬಹುತೇಕ ಮಲಗುವ ಕೋಣೆಗಳಲ್ಲಿ ಏಳಡಿ ಎತ್ತರಕ್ಕೆ ಎರಡಡಿ ಅಗಲದ ಕಾಂಕ್ರೀಟ್ ಲಾಫ್ಟ್ ಇದ್ದೇ ಇರುತ್ತದೆ. ಹಳೆಯ ಸೂಟ್‌ಕೇಸು, ಹಾಸಿಗೆ ತುಂಬಿಡುವ ಆ ಜಾಗ ಅಂಗಡಿಯಲ್ಲಿ ಸಿಗುವ ಯಾವ ಹಲಗೆಗಿಂತಲೂ ಗಟ್ಟಿ, ವಿಶಾಲ. ಅದರ ಒಂದು ತುದಿಯನ್ನು ಖಾಲಿ ಮಾಡಿ, ಕೆಳಗೆ 75 ಸೆಂಟಿಮೀಟರಿನ ಮೇಜು, ಪಕ್ಕದಲ್ಲಿ ಎತ್ತರದ ಕಪಾಟು ಇಟ್ಟರೆ ಒಂದು ತೂತೂ ಕೊರೆಯದೆ ದಾರಿ ಆಗುತ್ತದೆ. ಕಪಾಟಿಲ್ಲದಿದ್ದರೆ, ಮನೆಯೊಡೆಯರು ಒಪ್ಪಿದರೆ, ಮೇಜಿನಿಂದ ಲಾಫ್ಟಿನವರೆಗೆ 30–40 ಸೆಂಟಿಮೀಟರ್ ಅಂತರದಲ್ಲಿ ಮೂರು ಹಲಗೆ ಸಾಕು. ನೆಲದಿಂದ ಸೂರಿಗೆ ಒತ್ತಿ ನಿಲ್ಲುವ ಸ್ಪ್ರಿಂಗಿನ ಕಂಬಗಳೂ ಬರುತ್ತವೆ. ಆರ್‌ಸಿಸಿ ಸ್ಲ್ಯಾಬಿನಡಿ ಅವು ನಿಲ್ಲುತ್ತವೆ, ಜಿಪ್ಸಮ್ ಫಾಲ್ಸ್ ಸೀಲಿಂಗಿನಡಿ ಅದನ್ನೇ ಮೇಲೆತ್ತಿ ಒಡೆಯುತ್ತವೆ.

ಕೋರ್ಸು ಮುಗಿದು ಊರಿಗೆ ಹೊರಡುವವರು ಬೆಕ್ಕನ್ನು ಕಟ್ಟಡದಲ್ಲೇ ಬಿಟ್ಟುಹೋಗುವುದು ಕಾನೂನಿನ ಕಣ್ಣಿನಲ್ಲೂ ಅಪರಾಧ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಕ್ರೌರ್ಯದ ಪಟ್ಟಿಯಲ್ಲಿ ಸೇರಿಸಿದೆ. ಒಳಗೇ ಬೆಳೆದ ಬೆಕ್ಕಿಗೆ ಬೀದಿ ಗೊತ್ತಿರುವುದಿಲ್ಲ.

ಮನೆ ಬಿಡುವಾಗ ಹಲಗೆ ಬಿಚ್ಚುವುದು ಸುಲಭ, ತೂತು ಮುಚ್ಚುವುದರಲ್ಲಿ ಸ್ವಲ್ಪ ನಯ ಬೇಕು. ನೈಲಾನ್ ಪ್ಲಗ್ಗನ್ನು ಎಳೆದರೆ ಸಾರಣೆಯೂ ಕಿತ್ತು ಬರುತ್ತದೆ. ಅರ್ಧ ಇಂಚು ಒಳಕ್ಕೆ ತಳ್ಳಿ, ನೀರು ಚಿಮುಕಿಸಿ, ಬಿಳಿ ಸಿಮೆಂಟ್ ತುಂಬಿ, ಒಣಗಿದ ಮೇಲೆ ಪಾಲಿಶ್ ಪೇಪರಿನಿಂದ ಉಜ್ಜಬೇಕು. ಅದರ ಮೇಲೆ ನೇರವಾಗಿ ಬಣ್ಣ ಬಳಿದರೆ ಮೊದಲ ಮಳೆಗೇ ಕೆಂಪುಕಲ್ಲಿನ ಕಲೆ ಹೊರಗೆ ಇಣುಕುತ್ತದೆ. ನಡುವೆ ಒಂದು ಕೈ ಪ್ರೈಮರ್ ಬಿದ್ದರೆ ಅಡ್ವಾನ್ಸ್ ಹಣದಲ್ಲಿ ಕಡಿತವಾಗುವ ಪ್ರಸಂಗ ಬರಲಿಕ್ಕಿಲ್ಲ.